ಹುಡುಗ ನೈಸ್ ಅಂತೆ

ಭಾವನ ಮಗನಿಗೆ ವಿಟ್ಲ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗಿಯವರು ಮನೆ, ತೋಟ ಎಲ್ಲ ನೋಡಿ ಹೋದರು. ಮರುದಿನ ಹುಡುಗಿಯ ಸೋದರಮಾವನಿಂದ ವಾಟ್ಸಾಪ್: 'ಬಾಯ್ ಈಸ್ ನೈಸ್'. ಬದಿಯಡ್ಕ ಪೇಟೆಯ ಹೋಟೆಲಿನಲ್ಲಿ ಕೂತು ಭಾವ ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು.

"ಪೆದ್ದ ಅಂದ ಹಾಗಾಯ್ತಲ್ಲ ಭಟ್ರೇ" ಅಂದರು ಮಾಷ್ಟ್ರು, ಗೋಳಿಬಜೆ ಮುರಿಯುತ್ತಾ.

ರಿಟೈರ್ ಆದ ಮೇಲೆ ಮಾಷ್ಟ್ರಿಗೆ ಡಿಕ್ಷನರಿ ಹುಚ್ಚು ಜಾಸ್ತಿ. ನಾಲ್ಕು ಅಡಿಕೆ ಮರ ಇದ್ದಿದ್ದರೆ ಈ ರೋಗ ಬರುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

"ಎಂತ ಮಾರಾಯ್ರೆ, ನೈಸ್ ಅಂದ್ರೆ ಒಳ್ಳೆಯದಲ್ವಾ?"

"ಈಗ. ಮೊದಲು ಹಾಗಲ್ಲ. ಲ್ಯಾಟಿನ್‌ನಲ್ಲಿ ನೆಸ್ಕಿಯುಸ್ ಅಂತ ಉಂಟು. ನೆ ಅಂದರೆ ಇಲ್ಲ, ಸ್ಕೀರೆ ಅಂದರೆ ತಿಳಿಯೋದು. ಏನೂ ತಿಳಿಯದವ! ಸೈನ್ಸ್ ಕೂಡ ಆ ಸ್ಕೀರೆಯ ಸಂತಾನವೇ. ಈ ನೆಸ್ಕಿಯುಸ್ ಫ್ರೆಂಚರ ಬಾಯಿಗೆ ಬಿದ್ದು, 1300ರ ಸುಮಾರಿಗೆ ಇಂಗ್ಲಿಷಿಗೆ ಬಂತು. ಕವಿ ಚಾಸರ್ ಕಾಲದಲ್ಲಿ ನೈಸ್ ಅಂದರೆ ಪೆದ್ದ ಅಂತಲೇ ಲೆಕ್ಕ."

ಅಡಿಕೆ ಅಂಗಡಿಯ ಅಬ್ಬಾಸ್‌ಗೆ ಖುಷಿಯಾಯಿತು. "ಮತ್ತೆ ಅವ ಒಳ್ಳೆಯವ ಆದದ್ದು ಯಾವಾಗ?"

"ಸುಮಾರು ಸುತ್ತಾಡಿದ. ಪೆದ್ದನಿಂದ ಅಂಜುಬುರುಕ. ಅಲ್ಲಿಂದ ಎಲ್ಲದಕ್ಕೂ ಕೊಕ್ಕೆ ತೆಗೆಯೋನು. ಆಮೇಲೆ ನಾಜೂಕು, ಸೂಕ್ಷ್ಮ. ನೀನು ಅಂಗಡಿಯಲ್ಲಿ ಅಡಿಕೆಯನ್ನು ದರ್ಜೆ ನೋಡಿ ಬೇರೆ ಮಾಡ್ತೀಯಲ್ಲ, ಅಂಥ ಕಣ್ಣಿಗೂ ನೈಸ್ ಅನ್ನುತ್ತಿದ್ದರು."

ಅದು ನಿಜಕ್ಕೂ ನೋಡಬೇಕಾದ್ದೇ. ಅಬ್ಬಾಸ್ ಗೋಣಿಯಿಂದ ಒಂದು ಮುಷ್ಟಿ ಬಾಚಿ ಅಂಗೈಯಲ್ಲಿ ಹೊರಳಿಸುತ್ತಾನೆ. ಹೆಬ್ಬೆರಳಿನಲ್ಲೇ ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ. ನನಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ರೇಟು ಕೇಳಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

"ಹಿತ, ಚಂದ ಅನ್ನೋ ಅರ್ಥ ಬಂದದ್ದು 18ನೇ ಶತಮಾನದಲ್ಲಿ" ಮಾಷ್ಟ್ರು ಮುಂದುವರಿಸಿದರು. "ಆಮೇಲೆ ಎಲ್ಲದಕ್ಕೂ ನೈಸ್. ಹವೆ ನೈಸ್, ಟೋಪಿ ನೈಸ್. 200 ವರ್ಷದ ಹಿಂದೆಯೇ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಇದನ್ನು ಗೇಲಿ ಮಾಡಿದ್ದಾಳೆ."

"ನಮ್ಮಲ್ಲೂ ಉಂಟಲ್ಲ" ಅಂದ ಹೋಟೆಲಿನ ಗಣೇಶ, ಟೇಬಲ್ ಒರೆಸುತ್ತಾ. "ದೋಸೆ ಹಿಟ್ಟು ನೈಸಾಗಿ ರುಬ್ಬಬೇಕು. ಕೆಲವರು ನನ್ನನ್ನು ನೈಸ್ ಮಾಡಿ ಚಾ ಸಾಲ ಬರೆಸ್ತಾರೆ."

ಯಾರೂ ಅವನ ಮುಖ ನೋಡಲಿಲ್ಲ.

ಭಾವನಿಗೆ ಸಮಾಧಾನ ಆಗಲಿಲ್ಲ. "ಬೈಗುಳ ಹೋಗಿ ಹೊಗಳಿಕೆ ಆಗೋದು, ಈ ಉಲ್ಟಾ ಪಲ್ಟಿ ಇಂಗ್ಲಿಷರಿಗೇ ಸೈ."

"ಭಾವ, ನಿಮ್ಮ ಮಗ ಹೇಗೆ ಅಂತ ಊರಲ್ಲಿ ಕೇಳಿದರೆ ಎಂತ ಹೇಳ್ತಾರೆ?" ಅಂದೆ.

"ಪಾಪದವ ಅಂತಾರೆ."

"ಪಾಪ ಮಾಡಿದವ ಅಂತಲಾ?"

ಅಬ್ಬಾಸ್ ಟೇಬಲ್ ಗುದ್ದಿ ನಕ್ಕ. "ಮಲಯಾಳದಲ್ಲೂ ಪಾವಂ! ಗಡಿ ದಾಟಿದರೂ ಪಾಪ ಬಿಡಲ್ಲ."

ಮಾಷ್ಟ್ರಿಗೆ ಇನ್ನೂ ಹುರುಪು ಬಂತು. "ಮುಗ್ಧ, ಮೂಢ ಎರಡೂ ಸಂಸ್ಕೃತದ ಒಂದೇ ಧಾತುವಿನ ಮಕ್ಕಳು. ಭ್ರಮೆ ಹಿಡಿಯೋದು ಅಂತ ಅರ್ಥ. ಒಬ್ಬನನ್ನು ಮುದ್ದು ಮಾಡಿದ್ದೇವೆ, ಇನ್ನೊಬ್ಬನಿಗೆ ಬೈತೇವೆ. ಇಂಗ್ಲಿಷಿನಲ್ಲಿ ಸಿಲ್ಲಿಗೆ ಆದದ್ದು ಇದರ ಉಲ್ಟಾ. ಮೊದಲು ಅದಕ್ಕೆ ಧನ್ಯ, ಪುಣ್ಯವಂತ ಅಂತ ಅರ್ಥ. ಆಮೇಲೆ ಪಾಪದವ, ಕೊನೆಗೆ ಪೆದ್ದ. ಅದರ ಜರ್ಮನ್ ದಾಯಾದಿ ಜೇಲಿಶ್ ಇನ್ನೂ ಧನ್ಯನಾಗಿಯೇ ಇದ್ದಾನೆ."

ಭಾವ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ ಫೋನ್ ಕುಟ್ಟತೊಡಗಿದರು.

"ಯಾರಿಗೆ ಭಟ್ರೇ?"

"ವಿಟ್ಲಕ್ಕೆ. ಅವರು ಹಳೇ ಇಂಗ್ಲಿಷಿನಲ್ಲಿ ಬರೆದದ್ದಾದರೆ ನಾವೂ ಅದರಲ್ಲೇ ಮರ್ಯಾದೆ ಕೊಡಬೇಕಲ್ಲ. 'ಯುವರ್ ಗರ್ಲ್ ಈಸ್ ವೆರಿ ಸಿಲ್ಲಿ.'"

ಫೋನ್ ಕಸಿದುಕೊಳ್ಳಲು ಅಬ್ಬಾಸ್, ನಾನು, ಗಣೇಶ ಮೂವರೂ ಬೇಕಾಯಿತು. ಮಾಷ್ಟ್ರು ಮಾತ್ರ ವ್ಯಾಕರಣ ಸರಿ ಉಂಟು ಅಂದರು.