ಬ್ಯಾಂಕಿನ ಹೆಸರಿನಲ್ಲಿ ಬಂದ ಕೆವೈಸಿ ಇಮೇಲ್: ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಪ್ರಶ್ನೆ (ರಾಜಾಜಿನಗರ ನಿವಾಸಿ):
ನಿವೃತ್ತರಾಗಿರುವ ನಮ್ಮ ತಂದೆಯವರಿಗೆ, ಅವರ ಪಿಂಚಣಿ ಜಮಾ ಆಗುವ ಬ್ಯಾಂಕಿನ ಹೆಸರಿನಲ್ಲಿ ಒಂದು ಇಮೇಲ್ ಬಂದಿದೆ. ಕೆವೈಸಿ ಬಾಕಿಯಿದೆ, 24 ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ಪ್ಯಾನ್ ಮತ್ತು ಆಧಾರ್ ವಿವರ ತುಂಬದಿದ್ದರೆ ಖಾತೆಯನ್ನು ಸ್ಥಗಿತಗೊಳಿಸಲಾಗುವುದು ಎಂದು ಅದರಲ್ಲಿದೆ. ಲೋಗೊ, ಬಣ್ಣ, ಕೊನೆಯ ಕಾನೂನು ಸೂಚನೆ ಎಲ್ಲವೂ ಬ್ಯಾಂಕಿನದರಂತೆಯೇ ಇವೆ. ಕಾಗುಣಿತದ ತಪ್ಪು ಒಂದೂ ಇಲ್ಲ. ನಾನು ಅನುಮಾನ ವ್ಯಕ್ತಪಡಿಸಿದರೆ, "ನನ್ನ ಪೂರ್ತಿ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ ಸರಿಯಾಗಿವೆಯಲ್ಲ, ಬ್ಯಾಂಕಿನವರಿಗಲ್ಲದೆ ಇನ್ಯಾರಿಗೆ ಗೊತ್ತು?" ಎನ್ನುತ್ತಾರೆ. ಲಿಂಕನ್ನು ಇನ್ನೂ ಒತ್ತಿಲ್ಲ. ಅವರಿಗೆ ಏನೆಂದು ಹೇಳಲಿ?

ಉತ್ತರ 1 (ಮಾಹಿತಿ ಭದ್ರತೆಯ ಉದ್ಯೋಗಿ, ವೈಟ್‌ಫೀಲ್ಡ್):
ಆ ನಾಲ್ಕು ಅಂಕಿಗಳಲ್ಲಿ ಗುಟ್ಟೇನೂ ಇಲ್ಲ. ಸಾಲದ ಅರ್ಜಿಗೆ, ಮ್ಯೂಚುವಲ್ ಫಂಡಿಗೆ, ಬಾಡಿಗೆ ಕರಾರಿಗೆ ಎಂದು ನಾವು ಕೊಟ್ಟ ರದ್ದು ಮಾಡಿದ ಚೆಕ್ಕಿನ ಜೆರಾಕ್ಸ್ ಪ್ರತಿಗಳು ಎಷ್ಟು ಕೈ ದಾಟಿರುತ್ತವೆ ಎಂಬುದನ್ನು ಯೋಚಿಸಿದರೆ ನಿಮ್ಮ ತಂದೆಯವರಿಗೂ ಇದು ಮನವರಿಕೆಯಾಗಬಹುದು. ಕಾಗುಣಿತದ ತಪ್ಪು ಹುಡುಕುವ ಹಳೆಯ ಸಲಹೆಯೂ ಈಗ ಕೆಲಸಕ್ಕೆ ಬಾರದು, ಏಕೆಂದರೆ ತಪ್ಪಿಲ್ಲದ ಪತ್ರ ಬರೆದುಕೊಡುವ ಸಾಧನಗಳು ವಂಚಕರ ಕೈಯಲ್ಲೂ ಇವೆ.

ನೋಡಬೇಕಾದದ್ದು ವಿಳಾಸವನ್ನು. ಮೊಬೈಲಿನಲ್ಲಿ ಸಾಮಾನ್ಯವಾಗಿ ಕಳುಹಿಸಿದವರ ಹೆಸರಷ್ಟೇ ಕಾಣುತ್ತದೆ, ಆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹೆಸರಿನ ಮೇಲೆ ಒತ್ತಿದರೆ ಹಿಂದಿರುವ ಇಮೇಲ್ ವಿಳಾಸ ತೆರೆದುಕೊಳ್ಳುತ್ತದೆ. ಲಿಂಕಿನ ವಿಳಾಸವನ್ನು, ಆರಂಭದ "https://" ಬಿಟ್ಟು, ಅದರ ನಂತರದ ಮೊದಲ ಓರೆಗೆರೆಯವರೆಗೆ (/) ಮಾತ್ರ ತೆಗೆದುಕೊಂಡು, ಬಲದಿಂದ ಎಡಕ್ಕೆ ಓದಿ. "ನಿಮ್ಮಬ್ಯಾಂಕ್ ಡಾಟ್ ಬ್ಯಾಂಕ್ ಡಾಟ್ ಇನ್ ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಟಾಪ್" ಎಂದಿದ್ದರೆ ಆ ತಾಣದ ಒಡೆತನ "ಕೆವೈಸಿಅಪ್‌ಡೇಟ್ ಡಾಟ್ ಟಾಪ್" ಎಂಬುದನ್ನು ನೋಂದಾಯಿಸಿದವರದು. ಎಡಕ್ಕಿರುವ ಬ್ಯಾಂಕಿನ ಹೆಸರು ಬರೀ ಅಲಂಕಾರ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಎಲ್ಲ ಬ್ಯಾಂಕುಗಳೂ ಅದೇ ವರ್ಷದ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ವಿಳಾಸಕ್ಕೆ ಬದಲಿಸಬೇಕೆಂದು ಸೂಚಿಸಿತ್ತು. ಆ ಕೊನೆ ಬೇರೆಯವರಿಗೆ ಸಿಗುವುದಿಲ್ಲ. ತಾಣದ ವಿಳಾಸದ ಪಕ್ಕ ಕಾಣುವ ಬೀಗದ ಚಿಹ್ನೆಯನ್ನು ನಂಬಬೇಡಿ. ನಕಲಿ ತಾಣಕ್ಕೂ ಅದು ಉಚಿತವಾಗಿ ದೊರೆಯುತ್ತದೆ.

ಉತ್ತರ 2 (ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ):
ಬ್ಯಾಂಕುಗಳು ಕೆವೈಸಿ ಬಗ್ಗೆ ಇಮೇಲ್ ಕಳುಹಿಸುವುದೇ ಇಲ್ಲ ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಕಳುಹಿಸುತ್ತವೆ. ಆದರೆ ಅದಕ್ಕೊಂದು ಕ್ರಮವಿದೆ. ಖಾತೆ ದುರ್ಬಳಕೆಯಾಗುವ ಸಾಧ್ಯತೆ ನೋಡಿ ಬ್ಯಾಂಕ್ ಗುರುತಿಸುವ ಅಪಾಯದ ಶ್ರೇಣಿ ಕಡಿಮೆಯಿರುವ ಗ್ರಾಹಕರ ಕೆವೈಸಿಯನ್ನು 10 ವರ್ಷಕ್ಕೊಮ್ಮೆ, ಮಧ್ಯಮ ಶ್ರೇಣಿಯವರದನ್ನು 8 ವರ್ಷಕ್ಕೊಮ್ಮೆ, ಹೆಚ್ಚಿನ ಶ್ರೇಣಿಯವರದನ್ನು 2 ವರ್ಷಕ್ಕೊಮ್ಮೆ ನವೀಕರಿಸಬೇಕು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮಗಳಿಗೆ 2025ರ ಜೂನ್‌ನಲ್ಲಿ ಆದ ತಿದ್ದುಪಡಿಯ ಪ್ರಕಾರ ಗಡುವಿಗೆ ಮುಂಚೆ ಕನಿಷ್ಠ ಮೂರು ಸೂಚನೆ ನೀಡಬೇಕು, ಅವುಗಳಲ್ಲಿ ಒಂದಾದರೂ ಅಂಚೆಯ ಪತ್ರವಾಗಿರಬೇಕು. ಗಡುವು ಮೀರಿದ ಮೇಲೂ ಹಾಗೆಯೇ ಮೂರು ಜ್ಞಾಪನೆಗಳು. ಹಿಂದುಮುಂದಿಲ್ಲದೆ ಬಂದು 24 ಗಂಟೆ ಎಂದು ಹೆದರಿಸುವ ಪತ್ರ ಈ ಕ್ರಮಕ್ಕೆ ಹೊಂದುವುದೇ ಇಲ್ಲ. ವಿವರಗಳಲ್ಲಿ ಬದಲಾವಣೆಯಿಲ್ಲದಿದ್ದರೆ ಒಂದು ಸ್ವಯಂ ಘೋಷಣೆ ಸಾಕು. ತಂದೆಯವರು ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಬಾಕಿ ಇದೆಯೇ ಎಂದು ಕೇಳಿಬಿಡಲಿ. ಪಿಂಚಣಿದಾರರಿಗೆ ಶಾಖೆಯ ದಾರಿ ಹೊಸದೇನಲ್ಲ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಹೆಸರಿನ ಮೇಲೆ ಒತ್ತಿ ನೋಡಿದೆವು. ಬ್ಯಾಂಕಿಗೆ ಸಂಬಂಧವೇ ಇಲ್ಲದ ಯಾವುದೋ ಶಾಲೆಯ ಇಮೇಲ್ ವಿಳಾಸ ಕಾಣಿಸಿತು. ತಂದೆಯವರು ಈಗ ಒಪ್ಪಿದ್ದಾರೆ. ಇಂಥ ಇಮೇಲ್ ಅವರ ಸ್ನೇಹಿತರಿಗೂ ಬಂದಿದೆಯಂತೆ. ಯಾರಾದರೂ ವಿವರ ತುಂಬಿಬಿಟ್ಟಿದ್ದರೆ ಏನು ಮಾಡಬೇಕು?

ಉತ್ತರ 3 (ವಕೀಲರು, ಮಲ್ಲೇಶ್ವರ):
ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡು ಮತ್ತು ನೆಟ್ ಬ್ಯಾಂಕಿಂಗನ್ನು ತಡೆಹಿಡಿಸಬೇಕು. ಸಂಖ್ಯೆಯನ್ನು ಕಾರ್ಡಿನ ಹಿಂಭಾಗದಿಂದ ತೆಗೆದುಕೊಳ್ಳಿ, ಆ ಇಮೇಲಿನಿಂದಲ್ಲ. ಹುಡುಕುತಾಣದಲ್ಲಿ ಸಿಗುವ ಸಹಾಯವಾಣಿಗಳಲ್ಲೂ ನಕಲಿ ಇರುತ್ತವೆ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಖಾತೆಯಿಂದ ಖಾತೆಗೆ ಹರಿದುಹೋಗುವ ಮುನ್ನ ತಡೆಯುವುದಕ್ಕೆಂದೇ ಇರುವ ವ್ಯವಸ್ಥೆಯಿದು, ಆದ್ದರಿಂದ ಪೊಲೀಸ್ ಠಾಣೆ ಯಾವುದೆಂದು ವಿಚಾರಿಸುತ್ತಾ ಕೂರಬಾರದು. ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ, ಅಲ್ಲಿಗೆ ನಂತರ ಹೋಗಬಹುದು.

ಅನಧಿಕೃತ ವಹಿವಾಟಿನ ನಷ್ಟದಲ್ಲಿ ಗ್ರಾಹಕನ ಹೊಣೆ ಎಷ್ಟು ಎಂದು ಹೇಳುವ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಹಲವರು ಅರ್ಧ ಓದುತ್ತಾರೆ. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹೊಣೆ ತಪ್ಪುತ್ತದೆ ಎಂಬ ಮಾತು, ತಪ್ಪು ಗ್ರಾಹಕನದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ನಡೆದ ಪ್ರಕರಣಗಳಿಗೆ ಸಂಬಂಧಿಸಿದ್ದು. ಗ್ರಾಹಕನೇ ಪಾಸ್‌ವರ್ಡ್ ಅಥವಾ ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾಗಿ ದೂರಿನ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಲು ಆ ಸ್ನೇಹಿತರಿಗೆ ಹೇಳಿ, ಇಮೇಲನ್ನೂ ಅಳಿಸದಿರಲಿ.