ರೋಗದ ‘ಪ್ರಗತಿ’ ಎನ್ನಬಹುದೇ? ಪ್ರೊಗ್ನೋಸಿಸ್‌ಗೆ ನೀವು ಏನೆನ್ನುತ್ತೀರಿ?

ಮಾನ್ಯರೇ,

ಶಿರಸಿ ಸೀಮೆಯ ನಮ್ಮ ಮನೆಯ ಜಗಲಿಯಲ್ಲಿ ಹುಟ್ಟಿದ ಪ್ರಶ್ನೆ ಇದು. ದೊಡ್ಡಪ್ಪನಿಗೆ ಬಾಯಿಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆ, ವಿಕಿರಣ ಎರಡೂ ಮುಗಿದ ಮೇಲೆ ರೋಗ ಮರುಕಳಿಸಿತು. ಹೊಸ ಔಷಧದ ಅಧ್ಯಯನವೊಂದಕ್ಕೆ ಸೇರಬಹುದು ಎಂದು ದೂರದ ಆಸ್ಪತ್ರೆಯಲ್ಲಿ ಹೇಳಿ, ಓದಿಕೊಂಡು ಬನ್ನಿ ಎಂದು ಮಾಹಿತಿ ಪತ್ರ ಕೊಟ್ಟು ಕಳಿಸಿದರು. ಕನ್ನಡದಲ್ಲಿಯೇ ಇತ್ತು. ದೊಡ್ಡಪ್ಪ ಸಾಲು ಸಾಲಿಗೂ ಬೆರಳಿಟ್ಟು ಓದುತ್ತಿದ್ದವನು ಒಂದು ಕಡೆ ನಿಂತ. ‘ನಿಮ್ಮ ಕಾಯಿಲೆಯಲ್ಲಿ ಪ್ರಗತಿ ಕಂಡುಬಂದಲ್ಲಿ ಈ ಔಷಧವನ್ನು ನಿಲ್ಲಿಸಲಾಗುವುದು.’ ಅವನ ಮುಖ ಅರಳಿತು. ‘ನೋಡೇ ಕೂಸೆ, ಪ್ರಗತಿ ಕಂಡ ಮೇಲೆ ಔಷಧವೇ ಬೇಡವಂತೆ!’

ಪ್ರಗತಿ ಎಂದರೆ ಇಲ್ಲಿ ಗಡ್ಡೆ ಬೆಳೆಯುವುದು ಎಂದು ನಾನು ಹೇಳಬೇಕಾಯಿತು. ಅವನು ಹಾಳೆಯನ್ನು ಮಡಚಿ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡ. ಆ ಮಡಚಿದ ಹಾಳೆಯನ್ನು ನಾನು ಇನ್ನೂ ಮರೆತಿಲ್ಲ.

ಮಕ್ಕಳ ‘ಪ್ರಗತಿ ಪತ್ರ’, ‘ಪ್ರಗತಿಪರ ರೈತ’, ‘ಕಾಮಗಾರಿ ಪ್ರಗತಿಯಲ್ಲಿದೆ’: ಈ ಪದ ನಮ್ಮಲ್ಲಿ ಒಳ್ಳೆಯದರ ಕಡೆಗೆ ಮಾತ್ರ ನಡೆಯುತ್ತದೆ. ಸಂಸ್ಕೃತದ ಮೂಲದಲ್ಲಿ ಬರೀ ಮುಂದೆ ಹೋಗುವುದು ಎಂಬ ಅರ್ಥವಿರಬಹುದು, ಆದರೆ ರೋಗಿ ಮೂಲವನ್ನು ಓದುವುದಿಲ್ಲ, ಪದವನ್ನು ಓದುತ್ತಾನೆ. ಇಂಥ ತಪ್ಪು ಪರಿಶೀಲನೆಯ ಕಣ್ಣು ತಪ್ಪಿಸುವುದು ಹೇಗೆ ಎಂಬುದೂ ನನಗೆ ಆಮೇಲೆ ತಿಳಿಯಿತು. ಅಧ್ಯಯನಗಳ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಮೇಲೆ ಬೇರೊಬ್ಬರಿಂದ ಕನ್ನಡದಿಂದ ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ, ಮೂಲದೊಂದಿಗೆ ತಾಳೆ ನೋಡುವ ಕ್ರಮವಿದೆ. ‘ಪ್ರೊಗ್ರೆಷನ್’ ಕನ್ನಡಕ್ಕೆ ಬಂದು ‘ಪ್ರಗತಿ’ಯಾಗುತ್ತದೆ, ಹಿಂತಿರುಗುವಾಗ ಮತ್ತೆ ‘ಪ್ರೊಗ್ರೆಷನ್’ ಆಗುತ್ತದೆ. ತಾಳೆ ಸರಿಹೋಯಿತು! ನಡುವೆ ಇರುವ ಕನ್ನಡದ ಓದುಗನನ್ನು ಆ ಪರೀಕ್ಷೆ ಮುಟ್ಟುವುದೇ ಇಲ್ಲ.

ಬದಲಿಗೆ ಏನು ಬರೆಯಬೇಕು? ನನಗೆ ಮೊದಲು ಹೊಳೆದದ್ದು ‘ಉಲ್ಬಣ’. ರೋಗ ಉಲ್ಬಣಿಸಿತು ಎಂದರೆ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಅದರಲ್ಲೂ ಒಂದು ತೊಡಕಿದೆ. ಗಟ್ಟಿ ಗಡ್ಡೆಗಳ ಅಧ್ಯಯನಗಳಲ್ಲಿ ಪ್ರೊಗ್ರೆಷನ್ ಎಂಬುದು ಅಳತೆಯ ಮಾತು. ಗಡ್ಡೆ ಬೆಳೆಯಿತೋ ಕುಗ್ಗಿತೋ ಎಂದು ಅಳೆಯಲು ಬಳಸುವ, 2009ರಲ್ಲಿ ಪರಿಷ್ಕರಿಸಿದ ರೆಸಿಸ್ಟ್ ಮಾನದಂಡದ ಪ್ರಕಾರ, ಗುರುತಿಟ್ಟುಕೊಂಡ ಗಡ್ಡೆಗಳ ಅಡ್ಡಳತೆಯ ಮೊತ್ತ ತಾನು ಮುಟ್ಟಿದ ಅತಿ ಕಡಿಮೆ ಅಳತೆಗಿಂತ ಶೇಕಡ 20ರಷ್ಟು, ಕನಿಷ್ಠ 5 ಮಿಲಿಮೀಟರ್ ಹೆಚ್ಚಬೇಕು, ಅಥವಾ ಹೊಸ ಗಡ್ಡೆ ಕಾಣಿಸಬೇಕು. ರೋಗಿಗೆ ನೋವಿಲ್ಲದಿರಬಹುದು, ಊಟ ನಿದ್ದೆ ಸರಿಯಾಗಿರಬಹುದು. ಸ್ಕ್ಯಾನ್‌ನಲ್ಲಿ ಮಾತ್ರ ಅದು ಕಾಣುತ್ತದೆ. ಅಂಥವರಿಗೆ ‘ಉಲ್ಬಣ’ ಎಂದರೆ ಇಲ್ಲದ ನೋವನ್ನು ಹೊರಿಸಿದಂತೆ. ‘ರೋಗ ಬಲಿಯುವುದು’, ‘ಬೆಳೆಯುವುದು’ ಇವು ಹೆಚ್ಚು ಹೊಂದುತ್ತವೆ ಎಂದು ಈಗ ನನಗೆ ಅನಿಸುತ್ತಿದೆ. ‘ಪ್ರಗತಿರಹಿತ ಬದುಕುಳಿಯುವಿಕೆ’ ಎಂಬ ಭಯಂಕರ ಪದಗುಚ್ಛದ ಜಾಗದಲ್ಲಿ ‘ರೋಗ ಬೆಳೆಯದೆ ಬದುಕಿದ ಅವಧಿ’ ಎಂದರೆ ಎರಡು ಪದ ಹೆಚ್ಚಾದರೂ ಅರ್ಥ ಉಳಿಯುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕನ್ನಡ ಮೇಷ್ಟರಾಗಿ ನಿವೃತ್ತಿಯಾದ ನನ್ನ ಗಂಡ ಮತ್ತು ನಾನು ಸೇರಿ ಪರಿಚಯದ ವೈದ್ಯರೊಬ್ಬರಿಗಾಗಿ ಇಂಥದೇ ಇನ್ನೊಂದು ಮಾಹಿತಿ ಪತ್ರವನ್ನು ತಿದ್ದುತ್ತಿದ್ದೇವೆ. ಚಿಕಿತ್ಸೆ ಮುಗಿದವರು ಎಷ್ಟು ಕಾಲ, ಹೇಗೆ ಬದುಕುತ್ತಾರೆ ಎಂದು ವರ್ಷಗಟ್ಟಲೆ ಗಮನಿಸುವ ಅಧ್ಯಯನ. ಅದರಲ್ಲಿ ಹೆಜ್ಜೆ ಹೆಜ್ಜೆಗೂ ‘ಪ್ರೊಗ್ನೋಸಿಸ್’ ಬರುತ್ತದೆ, ಅಂದರೆ ರೋಗ ಮುಂದೆ ಯಾವ ದಾರಿ ಹಿಡಿಯಬಹುದು ಎಂದು ವೈದ್ಯರು ಹೇಳುವುದು. ಗ್ರೀಕಿನಲ್ಲಿ ಅದರ ಅರ್ಥ ಮೊದಲೇ ಅರಿಯುವುದು. ಕರಡಿನಲ್ಲಿ ‘ಮುನ್ಸೂಚನೆ’ ಎಂದಿತ್ತು. ಪತ್ರಿಕೆಗಳಲ್ಲಿ ‘ಕ್ಯಾನ್ಸರಿನ ಮುನ್ಸೂಚನೆಗಳು’ ಎಂದರೆ ಬಾಯಲ್ಲಿ ವಾಸಿಯಾಗದ ಹುಣ್ಣು, ಎದೆಯಲ್ಲಿ ಗಂಟು, ಅಂದರೆ ರೋಗದ ಮೊದಲ ಚಿಹ್ನೆಗಳು. ಕಾರವಾರದಿಂದ ಭಟ್ಕಳದವರೆಗೆ ದೋಣಿ ಇಳಿಸುವವರಿಗೆ ಮುನ್ಸೂಚನೆ ಎಂದರೆ ಹವಾಮಾನದ್ದು. ‘ಭವಿಷ್ಯ’ ಎಂದರೆ ಜಾತಕ ತೆರೆಯುತ್ತದೆ. ‘ಮುನ್ನರಿವು’ ಚೆಂದವಾಗಿದೆ, ಮೂಲಕ್ಕೂ ಹತ್ತಿರವಾಗಿದೆ, ಆದರೆ ಅದರಲ್ಲಿ ಖಚಿತವಾಗಿ ಗೊತ್ತಿದೆ ಎಂಬ ದನಿ ಇದೆ. ವೈದ್ಯರಿಗೆ ಅಷ್ಟು ಖಚಿತವಾಗಿ ಗೊತ್ತಿರುವುದಿಲ್ಲ.

ನನ್ನ ಮನಸ್ಸು ‘ಅಂದಾಜು’ ಎಂಬ ಪದದ ಕಡೆಗೆ ಇದೆ. ನಮ್ಮ ಕಡೆ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವಾಗ ಚೇಣಿದಾರ ತೋಟದ ತುಂಬ ಓಡಾಡುತ್ತಾನೆ. ತಲೆಯೆತ್ತಿ ಅಡಿಕೆಯ ಗೊನೆಗಳನ್ನು ನೋಡುತ್ತಾನೆ, ಮರದ ವಯಸ್ಸು, ನೀರು, ನೆರಳು ನೋಡುತ್ತಾನೆ, ಆಮೇಲೆ ಇಷ್ಟು ಕ್ವಿಂಟಲ್ ಎನ್ನುತ್ತಾನೆ. ಅದು ಕಣಿಯಲ್ಲ. ಇಂಥ ಎಷ್ಟೋ ತೋಟಗಳ ಫಸಲನ್ನು ಕಂಡ ಕಣ್ಣು ಹೇಳುವ ಮಾತು. ಮಳೆ ಹಿಡಿದು ಕೊಳೆರೋಗ ಬಂದರೆ ಅವನೇ ಬಂದು ಲೆಕ್ಕ ಬದಲಿಸುತ್ತಾನೆ. ರೋಗದ ಹಂತ, ವಯಸ್ಸು, ಚಿಕಿತ್ಸೆಗೆ ಗಡ್ಡೆ ಕರಗಿದ ಬಗೆ ಇವನ್ನೆಲ್ಲ ನೋಡಿ, ಇಂಥ ನೂರಾರು ರೋಗಿಗಳಿಗೆ ಹಿಂದೆ ಏನಾಯಿತು ಎಂಬುದರ ಮೇಲೆ ವೈದ್ಯರು ಹೇಳುವುದೂ ಅದೇ ಜಾತಿಯ ಮಾತು. ‘ರೋಗಗತಿಯ ಅಂದಾಜು’ ಎಂದು ನಾನು ಬರೆದಿದ್ದೇನೆ. ‘ಅಂದಾಜು’ ತೀರ ಅಗ್ಗದ ಪದ, ವೈದ್ಯರ ಮಾತಿನ ತೂಕ ಕಡಿಮೆಯಾಗುತ್ತದೆ ಎಂಬುದು ನನ್ನ ಗಂಡನ ಆಕ್ಷೇಪ. ನಿಮ್ಮ ಅಭಿಪ್ರಾಯ ಬೇಕು.

ಅಂದಾಜು ಎಂದು ಸ್ಪಷ್ಟವಾಗಿ ಹೇಳದಿದ್ದರೆ ಅಂಕಿಗಳು ತೀರ್ಪಿನಂತೆ ಕೇಳಿಸುತ್ತವೆ. ‘ಐದು ವರ್ಷಗಳ ಬದುಕುಳಿವು ಶೇಕಡ 60’ ಎಂಬುದನ್ನು ‘ಇನ್ನು ಐದೇ ವರ್ಷ’ ಎಂದು ಓದಿಕೊಂಡವರನ್ನು ನಾನು ಕಂಡಿದ್ದೇನೆ. ‘ಇಂಥ ನೂರು ಮಂದಿಯಲ್ಲಿ ಅರವತ್ತು ಮಂದಿ ಐದು ವರ್ಷದ ನಂತರವೂ ಇದ್ದಾರೆ’ ಎಂದು ಬಿಡಿಸಿ ಬರೆದರೆ ಈ ಅಪಾರ್ಥವಿಲ್ಲ. ‘ಮೀಡಿಯನ್’ ಕೂಡ ಹಾಗೆಯೇ. ಅದನ್ನು ‘ಸರಾಸರಿ’ ಎಂದು ಬರೆಯುವುದು ತಪ್ಪು. ಶಾಲೆಯ ಗಣಿತದಲ್ಲಿ ‘ಮಧ್ಯಾಂಕ’ ಎಂಬ ಒಳ್ಳೆಯ ಪದ ಇದ್ದೇ ಇದೆ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯೊಳಗಿನ ಪೊರೆಯ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಬಂದಾಗ ಬದುಕುಳಿವಿನ ಮಧ್ಯಾಂಕ ಎಂಟು ತಿಂಗಳು ಎಂದು ಅವರು ಓದಿದರು. ಎಂಟು ತಿಂಗಳಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ ಎಂದರೆ ಉಳಿದರ್ಧ ಅದಕ್ಕಿಂತ ಹೆಚ್ಚು ಕಾಲ ಇರುತ್ತಾರೆ, ಕೆಲವರು ಬಹಳ ಹೆಚ್ಚು ಕಾಲ ಇರುತ್ತಾರೆ ಎಂಬುದನ್ನು ಅವರು ಗುರುತಿಸಿದರು. ಅವರು ತೀರಿಕೊಂಡದ್ದು 2002ರಲ್ಲಿ, ಅದೂ ಬೇರೆ ಕ್ಯಾನ್ಸರಿನಿಂದ.

ಆಯುರ್ವೇದದವರು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮೊದಲೇ ಪದ ಕಟ್ಟಿದ್ದಾರೆ: ಸುಖಸಾಧ್ಯ, ಕೃಚ್ಛ್ರಸಾಧ್ಯ (ಕಷ್ಟದಿಂದ ವಾಸಿಯಾಗುವುದು), ಯಾಪ್ಯ, ಅಸಾಧ್ಯ. ಇವುಗಳಲ್ಲಿ ‘ಯಾಪ್ಯ’ವನ್ನು ಬಳಕೆಗೆ ತರಬಹುದೇ? ಪೂರ್ತಿ ವಾಸಿಯಾಗದ, ಆದರೆ ಚಿಕಿತ್ಸೆ ಇರುವವರೆಗೆ ಹತೋಟಿಯಲ್ಲಿರುವ ರೋಗ ಅದು; ಬೀಳಲಿರುವ ಮನೆಯನ್ನು ಊರೆಗಂಬ ಹಿಡಿದಂತೆ ಎನ್ನುತ್ತಾನೆ ಸುಶ್ರುತ. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆಗೆ ಒಪ್ಪಿಗೆ ಸಿಕ್ಕ ಮೇಲೆ ಒಂದು ಬಗೆಯ ದೀರ್ಘಕಾಲದ ರಕ್ತದ ಕ್ಯಾನ್ಸರ್ ಬಹುಮಂದಿಗೆ ಹೀಗೆಯೇ ಆಗಿದೆ. ಅರ್ಥ ಎಷ್ಟು ಚೆನ್ನಾಗಿ ಕೂಡುತ್ತದೆ! ಆದರೆ ಪದ ಮಾತ್ರ ನಮ್ಮ ನಾಲಿಗೆಯಿಂದ ದೂರ ಸರಿದುಹೋಗಿದೆ.

ಕೊನೆಯದಾಗಿ ‘ರೆಮಿಷನ್’, ಅಂದರೆ ರೋಗದ ಚಿಹ್ನೆಗಳು ತಗ್ಗುವುದು ಅಥವಾ ಕಾಣದಾಗುವುದು. ಇದನ್ನು ‘ಉಪಶಮನ’ ಎಂದು ಬರೆಯುತ್ತಾರೆ. ಗುಣವಾಗದವರ ನೋವು ತಗ್ಗಿಸುವ ಆರೈಕೆಗೂ ‘ಉಪಶಮನ’ ಎಂದೇ ಬರೆಯುತ್ತಾರೆ. ಒಂದು ಸಂತೋಷದ ಸುದ್ದಿ, ಇನ್ನೊಂದು ಬೇರೆಯೇ ದಾರಿ. ದೊಡ್ಡಪ್ಪನ ಪಕ್ಕದ ಹಾಸಿಗೆಯಲ್ಲಿ ತದಡಿಯ ಕಡೆಯ ಮೀನುಗಾರ ಹೆಂಗಸೊಬ್ಬರಿದ್ದರು, ರಕ್ತದ ಕ್ಯಾನ್ಸರ್. ನಿಮಗೆ ಉಪಶಮನವಾಗಿದೆ ಎಂದು ಹೇಳಿದಾಗ, ಕೆಳಗಿನ ಮಹಡಿಯಲ್ಲಿ ‘ಉಪಶಮನ ವಿಭಾಗ’ ಎಂಬ ಫಲಕ ನೋಡಿ ಬಂದಿದ್ದ ಅವರ ಮಗಳು ಅತ್ತುಬಿಟ್ಟಳು. ನರ್ಸ್ ಕೂತು ವಿವರಿಸಿದ ಮೇಲೆ ತಾಯಿಯೇ ಮಗಳಿಗೆ ಹೇಳಿದರು: ‘ನೀರು ಇಳಿದಿದೆ ಅಲ್ಲವೇ ಮಗಾ, ಅಷ್ಟೇ. ಮತ್ತೆ ಭರತ (ಉಬ್ಬರ) ಬರುತ್ತದೋ ಇಲ್ಲವೋ ನೋಡುತ್ತಿರಬೇಕು.’ ರೋಗ ಇಳಿದಿದೆ ಎಂಬುದನ್ನೂ ಮರಳಬಹುದು ಎಂಬುದನ್ನೂ ಆ ಮಾತು ಒಟ್ಟಿಗೇ ಹೇಳಿತು. ರೆಮಿಷನ್‌ಗೆ ‘ರೋಗದ ಇಳಿತ’ ಎಂದು ಬರೆದು, ‘ಉಪಶಮನ’ವನ್ನು ಆರೈಕೆಗೇ ಬಿಟ್ಟುಕೊಟ್ಟರೆ ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ಅರ್ಥವಾಗುತ್ತದೆಯೇ? ಅಂಕೋಲ, ಕುಮಟೆ, ಹೊನ್ನಾವರದ ಕಡೆಯವರು ಮನೆಯಲ್ಲಿ ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ತಿದ್ದಿದ ಪತ್ರ ಮುಂದಿನ ತಿಂಗಳು ಆಸ್ಪತ್ರೆಯ ನೈತಿಕ ಸಮಿತಿಯ ಮುಂದೆ ಹೋಗಲಿದೆ. ‘ಅಂದಾಜು’, ‘ಇಳಿತ’ ಎರಡಕ್ಕೂ ಸದ್ಯ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ.