ಮಾರ್ಫಿನ್ ಆದ ಮೇಲೆ ಉಸಿರು 7ಕ್ಕೆ ಇಳಿದರೆ: ಸ್ಯಾಚುರೇಷನ್ 97 ಇದೆ, ಕಾಯಬಹುದೇ?

ವಾರ್ಡ್_ಸಿಸ್ಟರ್
ಆಪರೇಷನ್ ಆದ ರೋಗಿಗೆ ಐವಿ ಮಾರ್ಫಿನ್ ಹೋಗಿದೆ ಅಂದುಕೊಳ್ಳಿ. ಉಸಿರು ನಿಮಿಷಕ್ಕೆ 7. ಕರೆದರೆ ಕಣ್ಣು ಬಿಡ್ತಾರೆ, ಮಾತಿನ ಮಧ್ಯೆಯೇ ಮತ್ತೆ ನಿದ್ದೆ. ಮಾಸ್ಕ್‌ನಲ್ಲಿ ಆಕ್ಸಿಜನ್, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) 97. ಕಾಯಬಹುದಾ? ಮಾರ್ಫಿನ್ ಪರಿಣಾಮ ತಿರುಗಿಸೋ ನಾಲಾಕ್ಸೋನ್ ಆಂಪ್ಯೂಲ್ ಪೂರ್ತಿ ಒಮ್ಮೆಗೇ ಕೊಡಬಾರದು ಅಂತಾರಲ್ಲ, ಯಾಕೆ?

ಅರಿವಳಿಕೆ_ಮೇಷ್ಟ್ರು
ಕಾಯಬೇಡಿ ಸಿಸ್ಟರ್, ಡಾಕ್ಟರನ್ನು ಈಗಲೇ ಕರೆಯಿರಿ. ಆ 97 ಮಾಸ್ಕ್‌ನ ಕೃಪೆ. ಆಕ್ಸಿಜನ್ ಹೋಗುತ್ತಿರುವಾಗ ಉಸಿರು ಕಮ್ಮಿಯಾದರೂ ಸ್ಯಾಚುರೇಷನ್ ಬಹಳ ಹೊತ್ತು ಬೀಳುವುದಿಲ್ಲ. ಅಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿರುತ್ತದೆ, ಏರಿದಷ್ಟೂ ಮಂಪರು ಹೆಚ್ಚು.

ಉಸಿರಿನ ತಾಳ ಹುಟ್ಟುವುದು ಮೆದುಳಿನ ಬುಡದಲ್ಲಿರುವ ಪ್ರಿ-ಬಾಟ್ಜಿಂಗರ್ ಎಂಬ ನರಕೋಶಗಳ ಗುಂಪಿನಲ್ಲಿ. ಅಲ್ಲಿಯ ಮ್ಯೂ ರಿಸೆಪ್ಟರ್‌ಗೆ (ಮಾರ್ಫಿನ್ ಅಂಟಿಕೊಳ್ಳುವ ತಾಣ) ಮಾರ್ಫಿನ್ ಕೂತರೆ ತಾಳ ನಿಧಾನ. ಕಾರ್ಬನ್ ಡೈಆಕ್ಸೈಡ್ ಏರಿದಾಗ 'ಉಸಿರಾಡು' ಎಂದು ಗದರುವ ವ್ಯವಸ್ಥೆಯೂ ಮಂಕಾಗುತ್ತದೆ. ಮಂಪರಿನಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ದಾರಿಯೂ ಕಟ್ಟುತ್ತದೆ. ಹಾಗಾಗಿ ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಿ, ಮಂಪರಿನ ಮಟ್ಟವನ್ನೂ ಬರೆಯಿರಿ. ಸಾಮಾನ್ಯವಾಗಿ ಮಂಪರೇ ಮೊದಲು ಸುಳಿವು ಕೊಡುತ್ತದೆ.

ಮೊದಲ ಕೆಲಸ: ಮಾರ್ಫಿನ್ ಪಂಪ್ ನಿಲ್ಲಿಸಿ, ಭುಜ ಅಲುಗಿಸಿ ಜೋರಾಗಿ ಕರೆದು 'ಉಸಿರೆಳೀರಿ' ಎನ್ನಿ, ಗದ್ದ ಎತ್ತಿ. ಉಸಿರೇ ನಿಂತಿದ್ದರೆ ಅಂಬು ಬ್ಯಾಗ್‌ನಲ್ಲಿ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) 6 ಸೆಕೆಂಡಿಗೊಂದು ಉಸಿರು. ಔಷಧ ಹುಡುಕುತ್ತಾ ಇದನ್ನು ಬಿಡಬೇಡಿ, ಜೀವ ಉಳಿಸುವುದು ಬ್ಯಾಗ್.

ಇನ್ನು ನಾಲಾಕ್ಸೋನ್. 0.4 ಮಿ.ಗ್ರಾಂ.ನ 1 ಮಿ.ಲೀ. ಆಂಪ್ಯೂಲ್‌ಗೆ 9 ಮಿ.ಲೀ. ನಾರ್ಮಲ್ ಸಲೈನ್ ಸೇರಿಸಿದರೆ ಮಿ.ಲೀ.ಗೆ 40 ಮೈಕ್ರೋಗ್ರಾಂ. ಡಾಕ್ಟರ್ ಆರ್ಡರ್‌ನಂತೆ 1 ಮಿ.ಲೀ. ಕೊಟ್ಟು 2 ನಿಮಿಷ ನೋಡಿ, ಬೇಕಾದರೆ ಮತ್ತೆ 1. ಉಸಿರು 10 ದಾಟಿ, ಕರೆದರೆ ಓಗೊಟ್ಟರೆ ಅಲ್ಲಿಗೇ ನಿಲ್ಲಿಸಿ. ಪೂರ್ತಿ ಎಚ್ಚರವಾಗಲೇಬೇಕೆಂಬ ಹಟ ಬೇಡ. ಒಮ್ಮೆಗೇ ನೂಕಿದರೆ ನೋವು ಒಟ್ಟಿಗೆ ಮರಳಿ ಬಿಪಿ, ನಾಡಿ ಜಿಗಿಯುತ್ತವೆ, ವಾಂತಿ, ಅಪರೂಪಕ್ಕೆ ಶ್ವಾಸಕೋಶದಲ್ಲಿ ನೀರು. ಬಹುಕಾಲದಿಂದ ಮಾರ್ಫಿನ್‌ನಲ್ಲಿರುವ ಕ್ಯಾನ್ಸರ್ ರೋಗಿಗೆ ಇದು ನರಕ.

ವಾರ್ಡ್_ಸಿಸ್ಟರ್
ಎಚ್ಚರವಾದರೆ ಮಾನಿಟರ್ ತೆಗೆಯಬಹುದಾ ಸರ್?

ಐಸಿಯು_ರಾತ್ರಿಪಾಳಿ
ಖಂಡಿತ ಬೇಡ. ನಾಲಾಕ್ಸೋನ್ ಕೆಲಸ 30ರಿಂದ 90 ನಿಮಿಷ, ಮಾರ್ಫಿನ್ 4 ಗಂಟೆ. ಎಚ್ಚರಾದವರು ಒಂದು ಗಂಟೆಯಲ್ಲಿ ಮತ್ತೆ ಮಂಪರಿಗೆ ಮುಳುಗಬಹುದು. ಕಿಡ್ನಿ ಕೆಟ್ಟಿದ್ದರೆ ಮಾರ್ಫಿನ್-6-ಗ್ಲುಕುರೊನೈಡ್ (ದೇಹದಲ್ಲಿ ಮಾರ್ಫಿನ್‌ನಿಂದ ಆಗುವ, ಅದರಂತೆಯೇ ಕೆಲಸ ಮಾಡುವ ವಸ್ತು) ಹೊರಹೋಗದೆ ಉಳಿದು ಇನ್ನೂ ಹೆಚ್ಚು ಹೊತ್ತು ಕಾಡುತ್ತದೆ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡದೆ ಮಾರ್ಫಿನ್ ಬರೆಯುವವರಿಗೆ ಏನನ್ನಬೇಕೋ! ಮತ್ತೆ ಮುಳುಗಿದರೆ ನಾಲಾಕ್ಸೋನ್ ಇನ್‌ಫ್ಯೂಷನ್ (ನಿರಂತರ ಡ್ರಿಪ್): ಎಚ್ಚರಿಸಲು ಬೇಕಾದ ಡೋಸ್‌ನ ಮೂರರಲ್ಲಿ ಎರಡು ಪಾಲು ಗಂಟೆಗೆ. 120 ಮೈಕ್ರೋಗ್ರಾಂ ಬೇಕಾಗಿದ್ದರೆ ಗಂಟೆಗೆ 80.

ಫಾರ್ಮಕಾಲಜಿ_ಪಿಜಿ
ಎಲ್ಲಾ ಒಪಿಯಾಯ್ಡ್‌ಗೂ (ಮಾರ್ಫಿನ್ ಜಾತಿಯ ನೋವುಶಾಮಕಗಳಿಗೂ) ಇದೇ ಲೆಕ್ಕ ಹಾಕಬೇಡಿ. ಬ್ಯುಪ್ರೆನಾರ್ಫಿನ್ ರಿಸೆಪ್ಟರ್ ಬಿಡುವುದೇ ನಿಧಾನ, ಅದಕ್ಕೆ 2ರಿಂದ 3 ಮಿ.ಗ್ರಾಂ. ನಾಲಾಕ್ಸೋನ್ ಬೇಕಾಗಬಹುದು. ಟ್ರಮಡಾಲ್‌ನ ಪರಿಣಾಮ ಭಾಗಶಃ ಮಾತ್ರ ತಿರುಗುತ್ತದೆ, ಫಿಟ್ಸ್ ಬಗ್ಗೆ ಹುಷಾರು. ಜೊತೆಗೆ ನಿದ್ದೆ ತರಿಸುವ ಮಿಡಜೋಲಾಮ್ ಹೋಗಿದ್ದರೆ ಆ ಮಂಪರನ್ನು ನಾಲಾಕ್ಸೋನ್ ಮುಟ್ಟುವುದೇ ಇಲ್ಲ. ಫೆಂಟನಿಲ್ ಪ್ಯಾಚ್ ಇದೆಯೇ ಎಂದು ಬೆನ್ನು, ಎದೆ, ತೋಳು ಹುಡುಕಿ. ಕಿತ್ತರೂ ಚರ್ಮದಲ್ಲಿ ಉಳಿದದ್ದು ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ, ಮಟ್ಟ ಅರ್ಧವಾಗಲು 17 ಗಂಟೆ ಅಥವಾ ಇನ್ನೂ ಹೆಚ್ಚು ಹಿಡಿಯಬಹುದು. ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ.